ಬಡ್ಡಿಯಿಲ್ಲದ ಸಂಘಕ್ಕೆ ನಾನು ಅಂಕ ಹಾಕಿದ್ದು

ನಾನು ಅಳೆಯೋಕೆ ಹೋದ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗದೇ ಇರೋದಿಲ್ಲ. ಕೊರೊನಾ ಕಾಲದಲ್ಲಿ ಪೆರೇಸಂದ್ರದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಒಂದು ಸಹಕಾರ ಸಂಘದವರು ಕೆಲಸ ಕೊಟ್ಟರು. ಇಸ್ಲಾಮಿನ ಪದ್ಧತಿಯಂತೆ ಬಡ್ಡಿಯಿಲ್ಲದೆ ಸಾಲ ಕೊಡೋ ಸಂಘ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಶಾಖೆಗಳ ದಕ್ಷತೆ ಅಳೆದು ಅಂಕ ಹಾಕಬೇಕು. ಎಲ್ಲಕ್ಕಿಂತ ಕಡಿಮೆ ಬಂದ ಶಾಖೆಗೆ ಬೀಗ. ನನ್ನ ಮೊದಲ ನೌಕರಿ, ಖುಷಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

೧. ಕೆಂಪು ಚೌಕ

ಮೊದಲ ದಿನ ಚಿಕ್ಕಬಳ್ಳಾಪುರ. ಕಂಪ್ಯೂಟರಿನ ಫಾರಂನಲ್ಲಿ 'ಬಡ್ಡಿ ಆದಾಯ' ಅಂತಿತ್ತು. ಸೊನ್ನೆ ಹಾಕಿದೆ. ಚೌಕ ಕೆಂಪಗಾಗಿ, 'ಶಾಖೆ ಅಪಾಯದಲ್ಲಿದೆ' ಅಂತ ಬಂತು. ಗಾಬರಿಯಾಗಿ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಅಯ್ಯೋ, ಫಾರಂ ಬೇರೆ ಬ್ಯಾಂಕಿಂದ ತಂದಿದ್ದಮ್ಮ" ಅಂದರು. "ಕೆಂಪಗೇ ಇರಲಿ ಬಿಡು. ಅದು ಹಸಿರಾದ ದಿನ ಫೋನ್ ಮಾಡು, ಅವತ್ತು ನಾನೂ ಗಾಬರಿ ಬೀಳ್ತೀನಿ."

೨. ಚಪ್ಪಲಿ ಸರದಿ

ಗೌರಿಬಿದನೂರಿನಲ್ಲಿ ಅಂತರ ಕಾಪಾಡೋಕೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಜನ ಬೇವಿನ ಮರದ ಕೆಳಗೆ, ಅವರ ಚಪ್ಪಲಿ ವೃತ್ತದೊಳಗೆ. ನಗರಗೆರೆಯ ಅಜ್ಜಿಯೊಬ್ಬರು ಕೋಲಿನಿಂದ ಎಲ್ಲ ಜೊತೆಗಳನ್ನೂ ಒಂದೊಂದು ವೃತ್ತ ಮುಂದಕ್ಕೆ ತಳ್ಳುತ್ತಿದ್ದರು. ಗಿರಾಕಿಗಳ ಲೆಕ್ಕಕ್ಕೆ ನಾನು ಚಪ್ಪಲಿಯನ್ನೇ ಎಣಿಸಿದೆ.

ಒಂದು ಜೊತೆಯ ಸರದಿ ಬಂತು, ಆಳಿಲ್ಲ. ಕ್ಯಾಷಿಯರ್ ಒಳಗಿಂದ ಕೂಗಿ ಕೂಗಿ ಸಾಕಾಗಿ, ಬೈಕೊಂಡು ಬರಿಗಾಲಲ್ಲಿ ಹೊರಗೆ ಬಂದರು. ನೋಡಿದರೆ ಅವರದೇ.

೩. ಆರು ನಿಮಿಷ

ಚಿಂತಾಮಣಿಯಲ್ಲಿ ಎಲ್ಲ ಸರಿಯಿತ್ತು, ಹೇಳೋಕೇನೂ ಇಲ್ಲ. ಆಮೇಲೆ ಶಿಡ್ಲಘಟ್ಟ.

ಒಬ್ಬ ಗಿರಾಕಿಗೆ ಆರೇ ನಿಮಿಷ ಅನ್ನೋದು ಅಧ್ಯಕ್ಷರೇ ಮಾಡಿದ ನಿಯಮ. ಶಿಡ್ಲಘಟ್ಟದ ಮ್ಯಾನೇಜರ್ ಸಾಹೇಬರು ವಯಸ್ಸಾದವರು. ರೇಷ್ಮೆ ಗೂಡು ಕೊಳ್ಳೋಕೆ ಸಾಲ ಕೇಳಿ ಬಂದ, ನೂಲು ಬಿಚ್ಚೋ ರೀಲರ್ ಒಬ್ಬರನ್ನು ಕೂರಿಸಿಕೊಂಡು ತಾಯಿಯ ಕೆಮ್ಮು, ಮಗಳ ಪರೀಕ್ಷೆ, ತಮ್ಮನ ಸಂಬಂಧ ಎಲ್ಲ ವಿಚಾರಿಸಿ, ಟೀ ಕುಡಿಸಿ ಕಳಿಸಿದರು. ನಲವತ್ತು ನಿಮಿಷ.

"ಸಾಹೇಬ್ರೆ, ಆರು ನಿಮಿಷ..." ಅಂದೆ.

"ಬಡ್ಡಿ ಅಂತೂ ತಗೊಳ್ಳಲ್ಲ. ಮನೆ ಸಮಾಚಾರನೂ ತಗೋಬಾರದೇನಮ್ಮ?"

ಸಂಜೆಗೆ ಬರೀ ಹನ್ನೊಂದು ಜನ. ಹೀಗಾದರೆ ಬೀಗ ಬೀಳೋದು ನಿಮ್ಮ ಶಾಖೆಗೇ ಅಂತ ಹೇಳಿಬಿಟ್ಟೆ. ಅವರ ಮುಖ ಸಣ್ಣಗಾಯಿತು. ನನಗೂ ಸಂಕಟವಾಯಿತು.

೪. ಮಾಸ್ಕು

ಮರುದಿನ ನೋಡಿದರೆ ರಸ್ತೆವರೆಗೂ ಸಾಲು. ಎಲ್ಲರೂ ಮಾಸ್ಕು. ಬರೋದು, ಹತ್ತು ರೂಪಾಯಿ ಕಟ್ಟೋದು, ಹೋಗೋದು. ನನಗೆ ಖುಷಿಯೋ ಖುಷಿ, ಪುಸ್ತಕದಲ್ಲಿ ತಲೆಗೊಂದು ಗೀಟು ಹಾಕಿದ್ದೂ ಹಾಕಿದ್ದೇ. ಮಧ್ಯಾಹ್ನ ಒಬ್ಬರು ನನ್ನ ಪುಸ್ತಕಕ್ಕೆ ಬಗ್ಗಿ, "ಅಮ್ಮ, ನಾನು ಬಂದಿದ್ದು ಐದನೇ ಸಲಾನೋ ಆರನೇದೋ ನೋಡಿ ಹೇಳಿ, ನೂಲು ಬಿಚ್ಚೋದು ಬಿಟ್ಟು ಬಂದಿದ್ದೀನಿ" ಅಂದರು.

ಅಷ್ಟೂ ಜನ ಸೇರಿ ಹದಿನೆಂಟು. ಮಾಸ್ಕು ಬದಲಾಯಿಸಿ ಸುತ್ತು ಹೊಡೀತಿದ್ದರು.

ಸಾಹೇಬರು ತಲೆ ತಗ್ಗಿಸಿದರು. "ನಾನು ಕರೀಲಿಲ್ಲಮ್ಮ. ಬಾಗಿಲು ಹಾಕ್ತಾರಂತೆ ಅಂದೆ, ಅಷ್ಟೇ. ಸುಳ್ಳು ಲೆಕ್ಕ ಬೇಡ, ಹೊಡೆದುಹಾಕು." ಹೊಡೆದುಹಾಕಿದೆ. ಹದಿನೆಂಟು ಅಂತಲೇ ಬರೆದು ಕಳಿಸಿದೆ.

೫. ಕೊನೆಯ ಗಿರಾಕಿ

ಎರಡು ದಿನ ಬಿಟ್ಟು, ನಾನಿನ್ನೂ ಶಿಡ್ಲಘಟ್ಟದಲ್ಲೇ ಇರುವಾಗ, ಅಧ್ಯಕ್ಷರು ತಾವೇ ಬಂದರು. ನನಗೆ ಮಾತ್ರ ಕಣ್ಸನ್ನೆ ಮಾಡಿ, ಬೇರೆ ಯಾರಿಗೂ ಹೇಳದೆ ಮಾಸ್ಕು ಹಾಕಿಕೊಂಡು ಸಾಲಿನಲ್ಲಿ ನಿಂತರು. ಬೀಗ ತಂದಿದ್ದಾರೆ ಅಂದುಕೊಂಡೆ. ಸಾಹೇಬರಿಗೆ ಗುರುತೇ ಸಿಗಲಿಲ್ಲ. "ಕೂತ್ಕೊಳ್ಳಿ. ಮನೇಲಿ ಎಲ್ರೂ ಹುಷಾರಾ?" ಅಂದರು.

ಅಧ್ಯಕ್ಷರ ಹೆಂಡತಿ ಆಗತಾನೇ ಕೊರೊನಾದಿಂದ ಎದ್ದಿದ್ದರಂತೆ. ಅದನ್ನು ಯಾರೂ ಕೇಳಿರಲಿಲ್ಲವೋ ಏನೋ, ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಎರಡು ಲೋಟ ಟೀ ಖಾಲಿಯಾಯಿತು.

ಹೊರಗೆ ಬಂದು ಕಣ್ಣೊರೆಸಿಕೊಂಡರು.

"ಸಾರ್, ಬೀಗ?" ಅಂದೆ.

"ಮುಂದಿನ ವಾರ ಮನೆಯವರನ್ನ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಬೀಗ ಹೇಗಮ್ಮ ಹಾಕೋದು?" ಎರಡು ಹೆಜ್ಜೆ ಹೋದವರು ತಿರುಗಿ ಬಂದರು. "ನಂದು ಎಷ್ಟು ಹೊತ್ತಾಯ್ತು?"

"ಐವತ್ತೆರಡು ನಿಮಿಷ ಸಾರ್."

ಅತ್ತಿತ್ತ ನೋಡಿ ಮೆಲ್ಲಗೆ ಅಂದರು: "ಆರು ಅಂತ ಬರ್ಕೋ."