ಗುರುತಿಲ್ಲದವರ ಜೊತೆ ಆಟ

ನನ್ನ ಗೇಮ್ ಅಂಗಡಿಗೆ ಇಂಟರ್‌ನೆಟ್ ಬಂದ ದಿನವೇ ಸಂಶಯವೂ ಬಂತು. ಅದಕ್ಕೆ ಮೊದಲು ರಾಣೇಬೆನ್ನೂರಿನ ಈ ಅಂಗಡಿಯಲ್ಲಿ ಡಿಸ್ಕ್ ಹಾಕಿದರೆ ಇಬ್ಬರು ಒಂದೇ ಸೋಫಾದ ಮೇಲೆ ಕೂತು ಫುಟ್‌ಬಾಲ್ ಆಡುತ್ತಿದ್ದರು. ಮೋಸ ಮಾಡಿದವನ ಬೆನ್ನಿಗೆ ಅಲ್ಲೇ ಗುದ್ದು ಬೀಳುತ್ತಿತ್ತು, ವ್ಯವಹಾರ ಮುಗಿಯುತ್ತಿತ್ತು. ಈಗ ಎದುರಾಳಿ ಯಾವ ಊರಲ್ಲಿದ್ದಾನೋ ದೇವರಿಗೇ ಗೊತ್ತು. ಗುದ್ದಬೇಕೆಂದರೂ ಬೆನ್ನು ಸಿಗುವುದಿಲ್ಲ.

ಪರದೆ

ಟಿವಿಯ ಮೇಲೆ ಬಿಸಿಲು ಬೀಳುತ್ತದೆಂದು ಬಾಗಿಲಿಗೆ ಪರದೆ ಕಟ್ಟಿದೆ. ಒಂದೇ ವಾರದಲ್ಲಿ ನನಗೆ ಮಳಿಗೆ ಬಾಡಿಗೆಗೆ ಕೊಟ್ಟ ಮಾಲೀಕರು ಬ್ಯಾಡಗಿಯಿಂದ ಬಂದಿಳಿದರು. ಅಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಪರದೆಯ ಹಿಂದೆ ಜೂಜು ನಡೆದಿದೆ ಎಂದು ಯಾರೋ ಚಾಡಿ ಹೇಳಿದ್ದರು. ಸೋಫಾದ ಕೆಳಗೆಲ್ಲ ಬಗ್ಗಿ ನೋಡಿದರು. ಎದುರು ಆಡುತ್ತಿರುವವನು ಎಲ್ಲಿದ್ದಾನೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಆಟದ ಯಂತ್ರದ ಫೋಟೊ, ಟಿವಿಯಲ್ಲಿ ಮೂಡಿದ್ದ, ಆಟದಲ್ಲಿ ನಮ್ಮ ಅಂಗಡಿಗಿರುವ ಹೆಸರಿನ ಫೋಟೊ, ಎಲ್ಲ ತೆಗೆದುಕೊಂಡರು. ಪೊಲೀಸರಿಗೆ ತೋರಿಸಲಿಕ್ಕೇ ಇರಬೇಕೆಂದುಕೊಂಡೆ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಎಂದರು. ಹೊಟ್ಟೆಪಾಡಿಗೆ ನನಗಿರುವುದು ಇದೊಂದೇ.

“ಇದಕಿಂತ ಇಸ್ಪೀಟೇ ಛಲೋ ಬಿಡ್ರಿ,” ಎಂದರು ಹೋಗುವಾಗ. “ಅದ್ರಾಗ ಎದುರಿನವನ ಮಾರಿಯರೆ ಕಾಣಸ್ತದ.”

ಸವಿಮಾತು

ಹಾವೇರಿಯ ಬ್ಯಾಂಕ್ ಗುಮಾಸ್ತರೊಬ್ಬರು ಪ್ರತಿ ರವಿವಾರ ಬರುತ್ತಾರೆ. ಒಮ್ಮೆ ಅವರಿಗೆ ಆಟದಲ್ಲಿ ಮೈಸೂರು ಕಡೆಯವನೊಬ್ಬ ಜೊತೆಗಾರನಾಗಿ ಸಿಕ್ಕ, ಮಾತೆಲ್ಲ ಮೈಕಿನಲ್ಲೇ. ಇವರು ಸಹಜವಾಗಿ ಮಾತಾಡಿದರೂ ಅವನಿಗೆ ಜಗಳ ಆಡಿದಂತೆ ಕೇಳಿಸುತ್ತಿತ್ತು. ಅವನು ಮಾತುಮಾತಿಗೂ ‘ಪರವಾಗಿಲ್ಲ ಸಾರ್’ ಎನ್ನುವುದನ್ನು ಕೇಳಿ ಇವರಿಗೂ ಗುಮಾನಿ. ಇಷ್ಟು ಮೆತ್ತಗೆ ಮಾತಾಡುವವನು ಟೋಪಿ ಹಾಕದೆ ಬಿಡುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ನಮ್ಮ ಕಡೆಯ ರೂಢಿಯಂತೆ ಯಾವೂರು, ಯಾರ ಪೈಕಿ, ಮನೆಯಲ್ಲಿ ಎಷ್ಟು ಮಂದಿ ಎಂದೆಲ್ಲ ವಿಚಾರಿಸಿದರು. ನಂಬಿಕೆ ಬರಲೆಂದು ಗುಮಾಸ್ತರು, “ಅಂಜಬ್ಯಾಡ್ರಿ, ನಾ ಬ್ಯಾಂಕಿನ್ಯಾಗ ಅದೀನ್ರಿ,” ಎಂದರು.

“ನಾನು ಓಟಿಪಿ ಹೇಳಲ್ಲ ಸಾರ್,” ಎಂದು ಹೋದವನು ಇವತ್ತಿಗೂ ಬಂದಿಲ್ಲ.

ಸೀನು

ಇತ್ತ ತಿಂಗಳು ಮುಗಿಯುತ್ತ ಬಂತು. ಬೇರೆ ಮಳಿಗೆ ಕೇಳಲು ಹೋದಲ್ಲೆಲ್ಲ ಜೂಜಿನ ಸುದ್ದಿ ನನಗಿಂತ ಮೊದಲೇ ಹೋಗಿ ಕೂತಿತ್ತು. ಇದರ ನಡುವೆ ‘ಕಿಂಗ್’ ಎಂಬ ಹೆಸರಿನವನೊಬ್ಬ ದಿನಾ ಮಧ್ಯಾಹ್ನ ನಮ್ಮ ಅಂಗಡಿಯ ಹೆಸರನ್ನೇ ಹುಡುಕಿ ಆಟಕ್ಕೆ ಕರೆಯತೊಡಗಿದ. ಸೋಲುವ ಹೊತ್ತಿಗೆ ಸರಿಯಾಗಿ ಲೈನ್ ಕಡಿದು ಪರಾರಿ. ಮಾತಿಲ್ಲ, ಕತೆಯಿಲ್ಲ. ಬೆಂಗಳೂರಿನವರ ಬುದ್ಧಿಯೇ ಇಷ್ಟು ಎಂದರು ಗುಮಾಸ್ತರು. ಚೀನಾದವನೇ ಇರಬೇಕು ಎಂದ ಇನ್ನೊಬ್ಬ ಗಿರಾಕಿ. ನಮ್ಮ ಜಿಲ್ಲೆಯವರು ಹೀಗೆ ಮಾಡುವುದಿಲ್ಲ ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದು.

ಒಂದು ದಿನ ಅವನ ಮೈಕ್ ತೆರೆದೇ ಇತ್ತು. ಮೊದಲು ಒಂದು ಸೀನು, ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಗುಂಪೇ ಸೀನಿ ಕೆಮ್ಮತೊಡಗಿತು. ಮೆಣಸಿನಕಾಯಿ ಚೀಲ ಬಿಚ್ಚಿದಾಗಿನ ಆ ಸೀನು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? “ಲೇ, ಚೀಲ ಆ ಕಡೆ ಒಯ್ದು ಬಿಚ್ರಲೇ,” ಎಂಬ ಗದರಿಕೆ ಕೇಳಿತು. ಆ ದನಿಯೂ ನನಗೆ ಗೊತ್ತಿತ್ತು.

“ಮಾಲಕರ, ನಮಸ್ಕಾರ್ರಿ,” ಎಂದೆ.

ಲೈನ್ ಕಡಿಯಿತು.

ತಿಂಗಳ ಕೊನೆಗೆ ನಾನು ಟಿವಿ ಬಿಚ್ಚುತ್ತಿದ್ದಾಗ ಮಾಲೀಕರು ಬಂದರು. ನನ್ನ ಮುಖ ನೋಡಲಿಲ್ಲ. ಸೋಫಾದ ಮೇಲೆ ಕೂತರು, ಮತ್ತೆ ಎದ್ದು ಹೋಗಿ ತಾವೇ ಪರದೆ ಎಳೆದರು, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಭಾಳ ತೆಳ್ಳಗ ಐತಲ್ರಿ ಇದು. ಒಳಗ ಯಾರು ಕುಂತಾರಂತ ಹೊರಗಿನವರಿಗೆ ಕಾಣಸ್ತದ. ದಪ್ಪಂದು ಹಾಕ್ರಿ.”