ಬ್ರಶ್ಶು ಒಣಗುವವರೆಗೆ

ನಮ್ಮ ಕಾಕಾ ಈ ಜನ್ಮದಲ್ಲಿ ಕಾಶಿ ನೋಡಿಲ್ಲ, ಗೋವಾ ನೋಡಿಲ್ಲ, ಕೊಲ್ಹಾಪುರವನ್ನಂತೂ ಎರಡು ಸಲ ನೋಡಿಲ್ಲ. ಇದಕ್ಕೆ ಬಡತನ ಕಾರಣವಲ್ಲ, ಮಂಡಿನೋವು ಕಾರಣವಲ್ಲ, ಅವರ ಹೆಂಡತಿ ಕಾಕೂನ ಬಿಗಿ ಆಡಳಿತವೂ ಕಾರಣವಲ್ಲ. ಅವರ ದಾಡಿ ಬ್ರಶ್ಶು ಒಣಗಿರಲಿಲ್ಲ, ಅಷ್ಟೇ!

ನಗಬೇಡಿ. ಕಾಕಾನಿಗೆ ಮೂರು ನಿಯಮಗಳಿವೆ. ದಾಡಿ ಮಾಡಿಕೊಳ್ಳದ ಮುಖ ಹೊಸ್ತಿಲು ದಾಟಬಾರದು. ಹಸಿ ಬ್ರಶ್ಶು ಚೀಲದೊಳಗೆ ಹೋಗಬಾರದು. ತನ್ನ ಬ್ರಶ್ಶಿಲ್ಲದೆ ಬೇರೆ ಊರಿನಲ್ಲಿ ಮಲಗಬಾರದು. ಒಂದೊಂದನ್ನೇ ನೋಡಿದರೆ ಮೂರೂ ಮರ್ಯಾದಸ್ಥ ನಿಯಮಗಳು. ಮೂರನ್ನೂ ಒಂದೇ ಮುಂಜಾನೆಗೆ ಹೊಂದಿಸಲು ಹೋದರೆ ಮಾತ್ರ ಮನುಷ್ಯ ಮನೆಯಲ್ಲೇ ಉಳಿಯುತ್ತಾನೆ. ನಾನು ಈ ಲೆಕ್ಕವನ್ನು ಎಷ್ಟೋ ಸಲ ಬಿಡಿಸಿದ್ದೇನೆ. ಪ್ರತಿ ಸಲವೂ ಬಸ್ಸು ಹೋಗಿಬಿಡುತ್ತದೆ.

ಇಂಥ ಮನುಷ್ಯನ ಇಂಥ ಬ್ರಶ್ಶಿನ ಮೇಲೆ ಈ ವರ್ಷ ನನ್ನ ತಂಗಿಯ ಸಾಖರಪುಡಾ, ಅಂದರೆ ಮದುವೆಯ ನಿಶ್ಚಯ, ನಿಂತುಬಿಟ್ಟಿತು. ಅಕ್ಕಲಕೋಟೆಯಲ್ಲಿರುವ ನಮ್ಮ ಅಪ್ಪ, ಕಾಕಾನ ಅಣ್ಣ, ಅವರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಬಾಯಿ ಒಂದು ಕಡೆಗೆ ಸರಿದಿತ್ತು. ಮಾತು ತೊದಲಿದರೂ ಬೈಗುಳ ಸ್ಪಷ್ಟವಾಗಿಯೇ ಬರುತ್ತಿತ್ತು. ಆದರೆ ಅಪ್ಪ ಗೋಡೆಯ ಕನ್ನಡಿ ಇಳಿಸಿ ಟ್ರಂಕಿನ ಹಿಂದೆ ಇಡಿಸಿದರು. ಕ್ಷೌರದವನನ್ನು ಕರೆಸಿದರೆ ಬಾಗಿಲಿನಿಂದಲೇ ತಿರುಗಿ ಕಳಿಸಿದರು. ನಾನೇ ರೇಜರ್ ಹಿಡಿದು ಹತ್ತಿರ ಹೋದೆ. "ಹೆಣಕ್ಕ ಮಾಡೋರ ಗತೆ ನನಗ ಮಾಡಾಕ ಬರಬ್ಯಾಡ" ಎಂದು ಎಡಗೈಯಿಂದ ದೂಡಿದರು. ಅವ್ವ ಆಗಾಗ ಕತ್ತರಿ ಆಡಿಸುವುದನ್ನು ಮಾತ್ರ ಸಹಿಸುತ್ತಿದ್ದರು. ಹಾಗಾಗಿ ಅವರ ಗಲ್ಲ ಜೋಳ ಕೊಯ್ದ ಹೊಲದ ಕೂಳೆಯಂತೆ ಅಲ್ಲೊಂದು ಗಿಡ್ಡ, ಇಲ್ಲೊಂದು ಉದ್ದ.

ಬೀಗರು ಬರುವ ಭಾನುವಾರ ಗೊತ್ತಾದಾಗ ಅಪ್ಪ ಹೇಳಿಬಿಟ್ಟರು: "ಈ ಮಾರಿ ತಗೊಂಡು ನಾ ಹೊರಗ ಕೂಡಂಗಿಲ್ಲ. ಆರಾಮ ಇಲ್ಲ, ಮಲಗ್ಯಾರ ಅಂತ ಹೇಳ್ರಿ."

ತಂಗಿ ಅವರ ಮಗಳೇ ತಾನೆ? "ಅಪ್ಪಾ ಹೊರಗ ಕೂಡಲಿಲ್ಲಂದ್ರ ನಾನೂ ಕೂಡಂಗಿಲ್ಲ. ನನಗೂ ಆರಾಮ ಇಲ್ಲ ಅಂತ ಹೇಳ್ರಿ" ಎಂದಳು.

ಇಬ್ಬರೂ ಮಲಗಿದ ಮೇಲೆ ಸಾಖರಪುಡಾ ಯಾರಿಗೆ ಮಾಡುವುದು? ನನಗೂ ಅವ್ವನಿಗೂ ಏನೂ ತೋಚದಿದ್ದಾಗ ಸೋಲಾಪುರದಿಂದ ಕಾಕಾ ಫೋನಿನಲ್ಲಿ ಅಂದರು: "ಯಾರೂ ಏನೂ ಮಾತಾಡಬ್ಯಾಡ್ರಿ. ನಾ ನನ್ನ ಸಾಮಾನ ತಗೊಂಡು ಬರ್ತೀನಿ."

ಬೀಗರು ಬರುವುದು ಹನ್ನೊಂದಕ್ಕೆ. ಬ್ರಶ್ಶು ಒಣಗುವುದು ಎಷ್ಟಕ್ಕೆ?

ನಮ್ಮ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಕಾಕಾ ಸೋಲಾಪುರದ ಒಂದು ಟಾವೆಲ್ ಕಾರಖಾನೆಯಲ್ಲಿ ಬಣ್ಣದ ಖಾತೆಯಲ್ಲಿದ್ದವರು. ಒಮ್ಮೆ ಅರೆಹಸಿ ಟಾವೆಲುಗಳನ್ನು ಗಂಟು ಕಟ್ಟಿಸಿ ಕಳಿಸಿದರಂತೆ. ಅದು ಊರು ಮುಟ್ಟುವ ಹೊತ್ತಿಗೆ ಒಳಗೆಲ್ಲ ಬೂಸಲು ಹಿಡಿದು, ಬಿಳಿ ಟಾವೆಲಿನ ಮೇಲೆ ಕರಿ ಹೂವು ಬಿಟ್ಟಿದ್ದವಂತೆ. ಅಂದಿನಿಂದ ಹಸಿ ವಸ್ತು ಕಟ್ಟುವುದೆಂದರೆ ಅವರಿಗೆ ಹಾವನ್ನು ಮಡಿಚಿ ಇಟ್ಟಂತೆ. ಈ ಕಥೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಮ್ಮೆ ಗಂಟು ಹೋದದ್ದು ಸುರತಿಗೆ ಎನ್ನುತ್ತಾರೆ, ಒಮ್ಮೆ ನಾಗಪುರಕ್ಕೆ. ಕಾಕೂ ಕೇಳಿದರೆ, "ಗಂಟೂ ಇಲ್ಲ, ಗಿಂಟೂ ಇಲ್ಲ, ಮದಿವಿಗಿ ಮೊದಲೂ ಹಿಂಗs ಇದ್ರಂತ" ಎನ್ನುತ್ತಾಳೆ.

"ಹಿಂದಿನ ದಿನ ಸಂಜೀಕ ದಾಡಿ ಮಾಡ್ಕೋರಿ ಕಾಕಾ, ಮುಂಜಾನೆತನಕ ಬ್ರಶ್ಶು ಒಣಗ್ತದ" ಎಂದು ನಾನೊಮ್ಮೆ ದಾರಿ ತೋರಿಸಿದೆ.

"ಸಂಜಿ ದಾಡಿ ಮುಂಜಾನೆ ಅಂದ್ರ ತಂಗಳ ಆಗ್ತದಪಾ. ನಿನ್ನಿ ರೊಟ್ಟಿ ತಿಂತೀ ಏನು ನೀ?"

ನಮ್ಮ ಕಡೆ ಕಡಕ್ ರೊಟ್ಟಿಯನ್ನು ವಾರಗಟ್ಟಲೆ ಇಟ್ಟು ತಿನ್ನುತ್ತೇವೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಒಂದು ಕಡಕ್ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು!

ಇನ್ನೊಂದು ಬ್ರಶ್ಶು ಕೊಂಡರಾಯಿತಲ್ಲ ಎನ್ನುತ್ತೀರಿ. ನಾನೇ ತಂದುಕೊಟ್ಟೆ. ಒಂದು ಮನೆಗೆ, ಒಂದು ಪ್ರಯಾಣಕ್ಕೆ. ವಾರದ ಮೇಲೆ ಹೋಗಿ ನೋಡಿದರೆ ಹಿತ್ತಲ ಕಟ್ಟೆಯ ಮೇಲೆ ಎರಡೂ ಬ್ರಶ್ಶುಗಳು ನೀರು ಸೋರಿಸುತ್ತ ಅಕ್ಕಪಕ್ಕ ಕೂತಿದ್ದವು. "ಒಂದನ್ನ ಸುಮ್ನ ಕೂಡಿಸಿದ್ರ ಅದರ ಕೂದಲ ಬಿರಸಾಗ್ತಾವ. ಅದಕ್ಕ ಬಲಗಲ್ಲಕ್ಕ ಒಂದು, ಎಡಗಲ್ಲಕ್ಕ ಒಂದು ಮಾಡೀನಿ" ಎಂದರು. ಮೊದಲು ಒಂದು ಬ್ರಶ್ಶಿಗೆ ಕಾಯುತ್ತಿದ್ದೆವು. ಈಗ ಎರಡಕ್ಕೆ!

ನನ್ನ ಹೆಂಡತಿ ತನ್ನ ಕೂದಲು ಒಣಗಿಸುವ ಯಂತ್ರವನ್ನು ಕೊಟ್ಟು ನೋಡಿದಳು. ಬಿಸಿ ಗಾಳಿಗೆ ಬ್ರಶ್ಶಿನ ಕೂದಲು ಹೆದರಿದ ಮುಂಗುಸಿಯ ಬಾಲದಂತೆ ನಿಮಿರಿ ನಿಂತಿತು. "ಇದಕ್ಕ ಜ್ವರ ಬಂದಾವ" ಎಂದು ಕಾಕಾ ಅದನ್ನು ತಣ್ಣೀರಿನಲ್ಲಿ ಅದ್ದಿಬಿಟ್ಟರು. ಮುಂಗುಸಿಯ ಬಾಲ ಎಂದೆನೇ? ಹೆಂಡತಿ ಈ ಪುಟ ಓದಿ, ಹಾಗೇನೂ ಆಗಲಿಲ್ಲ, ಯಂತ್ರ ಆವತ್ತು ಕೆಟ್ಟಿತ್ತು, ಕಾಕಾ ಬರೀ ಅದರ ಮುಂದೆ ಕೂತು ಚಹಾ ಕುಡಿದು ಹೋದರು ಎನ್ನುತ್ತಾಳೆ. ಹಾಗಾದರೆ ಆ ಮುಂಗುಸಿಯನ್ನು ನಾನೆಲ್ಲಿ ನೋಡಿದೆ? ಗೊತ್ತಿಲ್ಲ. ಇರಲಿ, ಅಳಿಸುವುದಿಲ್ಲ.

ವಿಜಯಪುರದ ಮದುವೆಯದಂತೂ ನಿಜ, ನಾನು ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆ. ಹಸಿ ಬ್ರಶ್ಶು ಚೀಲದೊಳಗೆ ಹೋಗಬಾರದು ಎಂದಿದೆಯೇ ಹೊರತು ಕೈಯಲ್ಲಿ ಹಿಡಿಯಬಾರದು ಎಂದಿಲ್ಲ ಎಂಬ ಹೊಸ ಅರ್ಥ ಅವರಿಗೆ ಆವತ್ತು ಹೊಳೆದಿತ್ತು. ಕಿಟಕಿಯ ಸರಳಿನ ನಡುವೆ ಗಾಳಿಗೆ ಬ್ರಶ್ಶು ಹಿಡಿದು ಗಂಭೀರವಾಗಿ ಕೂತರು. ಕಂಡಕ್ಟರ್ ಬಂದು ಮೊದಲು ಬ್ರಶ್ಶು ನೋಡಿದ, ಆಮೇಲೆ ಕಾಕಾನನ್ನು.

"ಕಾಕಾ, ಹೇ ಕಾಯ? ಇದು ಏನ್ ನಡಸೀರಿ?"

"ಗಾಳಿಗಿ ಹಿಡದೀನ್ರಿ. ಗಾಳಿಗಿ ರೊಕ್ಕಾ ಅದ ಏನು?"

"ಗಾಳಿಗಿ ಇಲ್ಲ. ಆದ್ರ ಕಿಡಕಿ ಸೀಟು ಹಿಡದದಲ್ಲ ಅದು, ಅದಕ್ಕೊಂದು ಹಾಪ್ ಟಿಕೀಟು ತಗೋರಿ!"

ಬಸ್ಸೆಲ್ಲ ನಕ್ಕಿತು. ಬ್ರಶ್ಶು ಒಣಗಿತು ಕೂಡ. ಆದರೆ ದಾರಿಯ ಧೂಳೆಲ್ಲ ಅದರೊಳಗೆ ಸೇರಿ ಕೆಂಪಗಾಗಿತ್ತು. ಮದುವೆ ಮನೆ ಮುಟ್ಟಿದ ಕೂಡಲೇ ಕಾಕಾ ಅದನ್ನು ತೊಳೆದರು. ಮತ್ತೆ ಹಸಿಯಾಯಿತು. ಅದು ಒಣಗುವವರೆಗೆ, ಹೆಣ್ಣನ್ನು ಗಂಡನ ಮನೆಗೆ ಕಳಿಸಿ ಅವಳ ತಾಯಿ ಕಣ್ಣೊರೆಸಿಕೊಂಡ ಮೇಲೂ, ನಾವಿಬ್ಬರು ಆ ಮನೆಯಲ್ಲಿ ಇನ್ನೊಂದು ದಿನ ಉಂಡೆವು.

ಈಗ ತಿಳಿಯಿತಲ್ಲ, ಆ ಭಾನುವಾರ ಕಾಕಾನನ್ನು ಕರೆದೊಯ್ಯಲು ಬೆಳಿಗ್ಗೆ ಏಳಕ್ಕೇ ನಾನೇಕೆ ಅವರ ಮನೆಗೆ ಓಡಿದೆ ಎಂದು? ಬಾಗಿಲು ತೆರೆಯಿತು. ಎದುರಿಗೆ ನಿಂತ ಮನುಷ್ಯನ ಗುರುತೇ ಸಿಗಲಿಲ್ಲ. ಕಾಕಾ ದಾಡಿ ಮಾಡಿಕೊಂಡಿರಲಿಲ್ಲ! ಗಲ್ಲದ ಮೇಲೆ ಬಿಳಿ ರವೆ ಉದುರಿಸಿದ ಹಾಗಿತ್ತು. ಯಾರೋ ತೀರಿಕೊಂಡರೆಂದೇ ತಿಳಿದು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಏನಾಯ್ತ್ರಿ ಕಾಕಾ?"

"ಏನ್ ಆಗತದ? ಇವತ್ತ ದಾಡಿ ಮಾಡಿದ್ರ ಬ್ರಶ್ಶು ಹಸಿ ಆಗ್ತದ. ಹಸಿ ಆದ್ರ ಹೊತ್ತಾಗ್ತದ. ಒಣಾ ಬ್ರಶ್ಶು ಹಾಕೀನಿ, ನಡಿ."

ಇಷ್ಟು ವರ್ಷಗಳ ಲೆಕ್ಕವನ್ನು ಮನುಷ್ಯ ಒಂದೇ ಮಾತಿನಲ್ಲಿ ಬಿಡಿಸಿಬಿಟ್ಟಿದ್ದರು! ಇಷ್ಟು ಸುಲಭವಾಗಿದ್ದರೆ ಕಾಶಿಗೆ ಏಕೆ ಹೋಗಲಿಲ್ಲ? ಕೇಳಲು ಧೈರ್ಯ ಬರಲಿಲ್ಲ. ಚೀಲ ಸಿದ್ಧವಾಗಿತ್ತು. ರೇಜರಿನ ಮೂರು ಭಾಗಗಳು ಜಗಳವಾಡಿದ ಓರಗಿತ್ತಿಯರಂತೆ ಬೇರೆ ಬೇರೆ ಟಾವೆಲ್ ತುಂಡಿನಲ್ಲಿ, ಸಾಬೂನಿನ ಬಟ್ಟಲಿಗೆ ತಟ್ಟೆಯ ಮುಚ್ಚಳ, ಬ್ಲೇಡು ಒಂದು ಹಳೆಯ ತಂಬಾಕಿನ ಡಬ್ಬಿಯಲ್ಲಿ, ಗಾಯಕ್ಕೆ ಒಂದು ಪಟಿಕದ ಹರಳು.

ಆ ಮುಖ ಹೊತ್ತು ಕಾಕಾ ಹೊಸ್ತಿಲು ದಾಟುವಾಗ ಕಾಕೂ ಅರಿಶಿನ ಕುಂಕುಮ ಹಚ್ಚಿ ಕಳಿಸಿದಳೋ ಅಥವಾ ನಾನದನ್ನು ಈಗ ಸೇರಿಸುತ್ತಿದ್ದೇನೋ! ಬಸ್ಸು ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೊರಟ ಭಕ್ತರಿಂದ ತುಂಬಿತ್ತು. ಕಾಕಾ ಟಾವೆಲಿನಿಂದ ಗಲ್ಲ ಮುಚ್ಚಿಕೊಂಡು ಕೂತರು. ಪಕ್ಕದ ಸೀಟಿನ ಅಜ್ಜಿ ಇಣುಕಿ ನೋಡಿ, "ನವಸ ಆಹೇ ಕಾ, ಬಾಬಾ?" ಎಂದಳು. ಹರಕೆಯ ದಾಡಿಯೇ ಎಂದು ಕೇಳಿದ್ದು. ಒಂದು ದಿನದ ದಾಡಿಗೆ ಯಾವ ಹರಕೆ! ಕಾಕಾ ಕಿಟಕಿಯ ಹೊರಗೆ ನೋಡುತ್ತ, "ಹೌದ್ರಿ, ಇವತ್ತ ತೀರ್ತದ" ಎಂದರು. ಅಜ್ಜಿ ಕೈಮುಗಿದು ಎರಡು ಪೇಡೆ ಕೊಟ್ಟಳು. ಒಂದನ್ನಾದರೂ ನನಗೆ ಕೊಡಬಹುದಿತ್ತು. ಕೊಡಲಿಲ್ಲ.

ಅಕ್ಕಲಕೋಟೆ ಮುಟ್ಟಿದಾಗ ಒಂಬತ್ತೂವರೆ. ಅಪ್ಪ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ತಂಗಿ ಹಳೆಯ ನೈಟಿಯಲ್ಲೇ ಇದ್ದಳು, ರೇಷ್ಮೆ ಸೀರೆ ಮಂಚದ ಮೇಲೆ ಹಾಗೇ ಬಿದ್ದಿತ್ತು. ಕಾಕಾ ಅಣ್ಣನ ಎದುರು ಚಾಪೆ ಹಾಸಿ, ಪೂಜೆಯ ಸಾಮಾನಿನಂತೆ ಒಂದೊಂದೇ ಬಿಚ್ಚಿಟ್ಟರು. ಕೊನೆಗೆ ಚೀಲ ಬೋರಲು ಹಾಕಿ ಕೊಡವಿದರು.

"ಕನ್ನಡೀನs ಮರತ ಬಂದೀನಿ ನೋಡ್ರಿ!"

ಕಾಕಾ ಮರೆಯುವುದೇ? ಆಮೇಲೆ ಮೂರು ಸಲ ಕೇಳಿದ್ದೇನೆ. ಒಮ್ಮೆ ನಿಜವಾಗಿಯೂ ಮರೆತೆ ಎಂದರು, ಒಮ್ಮೆ ಒಡೆದಿತ್ತು ಎಂದರು, ಒಮ್ಮೆ "ಯಾವ ಕನ್ನಡಿ?" ಎಂದರು.

ಅಪ್ಪ ತಿರುಗಿ ನೋಡಿದರು. ತಮ್ಮನ ಗಲ್ಲ ಕಂಡಿತು.

"ಇದೇನೋ ಇದು? ಹುಡುಗಿ ಸಾಖರಪುಡಾಕ್ಕ ಹಿಂಗ ಬಂದೀ? ಬೀಗರು ಏನ್ ಅಂತಾರ? ನಾಚಿಕಿ ಇಲ್ಲೇನು ನಿನಗ?"

"ಹೊತ್ತಾಗಿತ್ತು ಅಣ್ಣಾ."

"ಮೊದಲ ದಾಡಿ ಮಾಡ್ಕೋ!"

"ಕನ್ನಡಿ ಇಲ್ಲಲ್ಲ. ಎಲ್ಲಿ ಉಳೀತು, ಎಲ್ಲಿ ಹೋತು, ನೀನs ಹೇಳು."

ಅಪ್ಪ ಹೇಳತೊಡಗಿದರು. ಎಡಕ್ಕ ಎಂದರೆ ಕಾಕಾ ಬಲಕ್ಕೆ ಹಚ್ಚಿದರು. ಬಲಕ್ಕ ಎಂದರೆ ಮೂಗಿಗೆ ಹಚ್ಚಿದರು. ಯಾರ ಎಡ, ಯಾರ ಬಲ ಎಂದು ಬಾಗಿಲಲ್ಲಿ ನಿಂತ ನಮಗೂ ತಿಳಿಯದಾಯಿತು. ಅಪ್ಪನ ಸಿಟ್ಟು ನೆತ್ತಿಗೇರಿತು.

"ದಡ್ಡ! ಅಲ್ಲಲ್ಲೋ, ಈ ಕಡಿ!"

"ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ ಅಣ್ಣಾ. ಮಾಡಿ ತೋರಸು."

ಅಪ್ಪ ಎಡಗೈ ಚಾಚಿ ಬ್ರಶ್ಶು ತೆಗೆದುಕೊಂಡರು. ತಮ್ಮ ಗಲ್ಲಕ್ಕೆ ನೊರೆ ಹಚ್ಚಿ, "ಹಿಂಗ" ಎಂದರು. ಅವ್ವ ಸದ್ದಿಲ್ಲದೆ ಕಪಾಟಿನಿಂದ ಅಪ್ಪನ ಹಳೆಯ ರೇಜರ್ ತಂದು ಅವರ ಮಗ್ಗುಲಿಗಿಟ್ಟಳು.

ಎದುರು ಬದುರು ಕೂತ ಅಣ್ಣತಮ್ಮಂದಿರು. ಕಾಕಾನದು ಬಲಗೈ, ಅಪ್ಪನದು ಎಡಗೈ, ಆದ್ದರಿಂದ ಎರಡೂ ಒಂದೇ ಕಡೆಗೆ ಚಲಿಸುತ್ತಿದ್ದವು. ಕಾಕಾ ಒಂದು ಗೆರೆ ಎಳೆದರೆ ಅಪ್ಪ ಒಂದು ಗೆರೆ. ಯಾರು ಯಾರಿಗೆ ತೋರಿಸುತ್ತಿದ್ದಾರೆ ಎಂಬುದು ನನಗೆ ಇಂದಿಗೂ ಗೊಂದಲ. ಅಪ್ಪನ ಗದ್ದದಲ್ಲಿ ಒಂದು ಸಣ್ಣ ಗಾಯವಾಯಿತು. ಪಟಿಕ ಒತ್ತಿಕೊಂಡು ಮುಂದುವರಿದರು. ತುಟಿಯ ಪಕ್ಕದ ಜಾಗ ಬಂದಾಗ ಕಾಕಾ ಚರ್ಮ ಬಿಗಿಯಾಗಲೆಂದು ಬಾಯನ್ನು ಒಂದು ಕಡೆಗೆ ಸೊಟ್ಟ ಮಾಡಿದರು. ದಾಡಿ ಮಾಡಿಕೊಳ್ಳುವಾಗ ಯಾರ ಬಾಯಿ ನೆಟ್ಟಗಿರುತ್ತದೆ? ಆ ಸೊಟ್ಟ ಬಾಯನ್ನು ಅಪ್ಪ ಬಹಳ ಹೊತ್ತು ನೋಡಿದರು.

"ನಿಂದು ಭಾಳ ಸೊಟ್ಟ ಆಗೇದಲ್ಲೋ" ಎಂದರು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದನ್ನು ಅಂದೇ ನಾನು ಮೊದಲು ನೋಡಿದ್ದು. ತಂಗಿ ಬಾಗಿಲಿನಿಂದ ಓಡಿದಳು. ಅಳಲು ಎಂದುಕೊಂಡೆ. ಸೀರೆ ಉಡಲು.

ಬೀಗರು ಹನ್ನೊಂದಕ್ಕೆ ಬಂದರು. ಅಪ್ಪ ನುಣ್ಣಗಿನ ಗಲ್ಲ, ಬಿಳಿ ಟೊಪ್ಪಿಗೆಯಲ್ಲಿ ಪಡಸಾಲೆಯ ಗಾದಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಾಕಾ. ಸಕ್ಕರೆಯ ಪುಡಿಕೆ ಕೊಟ್ಟದ್ದಾಯಿತು, ಉಂಗುರವಾಯಿತು, ಅವಲಕ್ಕಿ ಪೋಹೆ ಬಂತು. ಆಗಲೇ ನನ್ನ ಕಣ್ಣಿಗೆ ಬಿತ್ತು: ಕಾಕಾ ಬಾಯನ್ನು ಇನ್ನೂ ನೆಟ್ಟಗೆ ಮಾಡಿರಲಿಲ್ಲ. ಎದುರಿಗೆ ಕೂತು ಕಲಿತದ್ದರಿಂದ ಅಪ್ಪನದು ಒಂದು ಕಡೆಗಿದ್ದರೆ ಅವರದು ಇನ್ನೊಂದು ಕಡೆಗಿತ್ತು. ಹಾಗೇ ಮಾತಾಡಿದರು, ಹಾಗೇ ಪೋಹೆ ತಿಂದರು, ಅರ್ಧ ಅಂಗಿಯ ಮೇಲೆ ಉದುರಿತು. ಹುಡುಗನ ತಂದೆ ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ಅಣ್ಣತಮ್ಮರು ಮಾರಿ ಮ್ಯಾಲೆ ಗೊತ್ತಾಗ್ತದ ಬಿಡ್ರಿ" ಎಂದು ಚಹಾ ಎತ್ತಿಕೊಂಡರು.

ಬೀಗರು ಸೀರೆಯ ಸೆರಗು ನೋಡುತ್ತಿದ್ದಾಗ ಅಪ್ಪ ಎಡ ಮೊಣಕೈಯಿಂದ ಕಾಕಾನನ್ನು ತಿವಿದರು.

"ಸಾಕೋ ತಮ್ಮಾ. ಬಾಯಿ ನೋಯತದ."

"ನಿನಗ ನೋಯತದೇನು?"

"ಇಲ್ಲ."

"ಮತ್ತ ನನಗೂ ಇಲ್ಲ."