ಒಳಗೆ ಹೇಗೆ ಅಂತ ಕೇಳದ ಮೈದುನ

ಬೆಳಿಗ್ಗೆ ಫೋನು ಬಂದಾಗ ನಾನು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಬೈರಕೂರಿನಿಂದ ನನ್ನ ತಮ್ಮ.

"ಅಕ್ಕಾ, ಮಾವಿನಕಾಯಿ ಲಾರಿ ನಿಂತೋಗೈತೆ. ಸಂಜೆಯೊಳಗೆ ಹೊರಡ್ದಿದ್ರೆ ತಗೊಳ್ಳೋರು ಬೇಡ ಅಂತಾರೆ. ನಿನ್ನ ಮೈದುನನ್ನ ಕರಿ."

ಕರೆಯುವುದೇನೋ ಸುಲಭ. ಆದರೆ ಅಂಥ ವಿಚಿತ್ರ ಮನುಷ್ಯ ಮಾಲೂರು ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ. ಏನು ಕೇಳಬೇಕು, ಏನು ಸಿಗುತ್ತದೆ, ಇವೆರಡು ಗೊತ್ತಾದರೆ ಅವನಿಗೆ ಸಾಕು. ಒಳಗೆ ಹೇಗೆ ಮಾಡುತ್ತಾರೋ ಅದು ಮಾಡುವವರ ಪಾಡು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಅವನ ಕಸುಬಿನಲ್ಲಿ ಇದಕ್ಕೆ ಇಂಟರ್‌ಫೇಸ್ ಎನ್ನುತ್ತಾರಂತೆ. ನನ್ನ ಅಡುಗೆಮನೆ ಬಾಗಿಲಿಗೂ ಅಂಥದೊಂದು ಚೀಟಿ ಅಂಟಿಸಿದ್ದಾನೆ: "ಮುದ್ದೆ. ಹೇಳಬೇಕಾದ್ದು: ಎಷ್ಟು ಜನ. ಸಿಗುವುದು: ತಲೆಗೊಂದು."

"ಮುದ್ದೆ ಹೆಂಗೆ ಮಾಡ್ತಾರೆ ಅಂತ ಒಂದಿನ ನೋಡಪ್ಪ" ಎಂದರೆ, "ಅದು ನಂಗ್ಯಾಕೆ ಅತ್ತಿಗೆ? ಬಾಗಿಲಿಂದೀಚೆ ಬಂದ್ರೆ ಸಾಕು."

ನಾನು ತವರಿಗೆ ಹೋದ ದಿನ ಅದೇ ಚೀಟಿ ಕಿತ್ತುಕೊಂಡು ಪಕ್ಕದ ಮನೆಗೆ ಹೋಗಿ ನಿಂತನಂತೆ. ಮುದ್ದೆ ಬಂತು! ಜೊತೆಗೆ ಉಪ್ಪಿನಕಾಯಿ. ಅದು ಪಕ್ಕದ ಮನೆಯಾಕೆಯ ದೊಡ್ಡ ಮನಸ್ಸು ಎಂದು ನಾನು. ಇಂಟರ್‌ಫೇಸಿನ ಮಹಿಮೆ ಎಂದು ಅವನು.

ತಮ್ಮನ ರೈತರ ಗುಂಪಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಬರೆದುಕೊಟ್ಟವನೂ ಇವನೇ. ಕಾಯಿ ಲ್ಯಾಬಿನ ಪರೀಕ್ಷೆಯಲ್ಲಿ ಪಾಸಾಯಿತೇ ಎಂದು ಲ್ಯಾಬಿನ ಪ್ರೋಗ್ರಾಮನ್ನು ಕೇಳಿ, ಹೌದು ಎಂದರೆ ಲಾರಿಗೆ ಅಪ್ಪಣೆ ಕೊಡುವ ಪ್ರೋಗ್ರಾಂ ಅದು. ಒಮ್ಮೆ ನೆಟ್ಟಿಗೆ ಏರಿಸಿದ ಮೇಲೆ ಬರೆದವನೂ ತಿದ್ದುವಂತಿಲ್ಲ. "ಇರೋದು ಒಂದೇ ಲ್ಯಾಬು, ಅದರ ವಿಳಾಸಾನೇ ಬದಲಾಗ್ದಂಗೆ ಬರೆದ್ಬಿಡು" ಎಂದು ತಮ್ಮ ಗೊಣಗಿದರೂ ಇವನು ಕೇಳಲಿಲ್ಲ. ಪ್ರಶ್ನೆ ಉತ್ತರ ಎರಡನ್ನೇ ಇಂಟರ್‌ಫೇಸಿನಲ್ಲಿ ಬರೆದು, ಲ್ಯಾಬಿನ ವಿಳಾಸವನ್ನು ಮಾತ್ರ ಗುಂಪಿನವರು ಬದಲಿಸುವ ಹಾಗೆ ಬಿಟ್ಟ. ಆಗ ಎಲ್ಲರೂ ನಕ್ಕರು.

ಇವತ್ತು ಆ ಲ್ಯಾಬು ಬಾಗಿಲು ಹಾಕಿತ್ತು. ನನ್ನ ತವರಿನ ವರ್ಷದ ಬೆಳೆ ಲಾರಿಯಲ್ಲಿ ಬಿಸಿಲಿಗೆ ಬಾಡುತ್ತಿತ್ತು. ದೇವರ ಮುಂದೆ ದೀಪ ಹಚ್ಚಿ, ಲಾರಿ ಹೊರಡುವವರೆಗೆ ನನಗೆ ಊಟ ಬೇಡ ಎಂದುಕೊಂಡೆ. ಮೈದುನ ಕೋಲಾರದ ಇನ್ನೊಂದು ಲ್ಯಾಬಿಗೆ ಫೋನು ಮಾಡಿದ. "ನಾನು ಕಳಿಸಿರೋ ಪ್ರಶ್ನೆ ಕೇಳಿದ್ರೆ ಹೌದು, ಇಲ್ಲ ಅಂತ ಹೇಳೋ ಪ್ರೋಗ್ರಾಂ ಬೇಕು ಸರ್. ಒಳಗೆ ಹೆಂಗಾದ್ರೂ ಮಾಡ್ಕೊಳ್ಳಿ."

ಅವರು ಕಾಯಿ ತರಿಸಿ ಪರೀಕ್ಷೆ ಮಾಡಿದರು, ಪ್ರೋಗ್ರಾಮನ್ನೂ ಬರೆದರು. ಗುಂಪಿನವರು ವಿಳಾಸ ಬದಲಿಸಿದರು. ನಾಲ್ಕು ಗಂಟೆಗೆ ತಮ್ಮನ ಫೋನು: "ಹೊರಡ್ತು ಅಕ್ಕಾ."

"ದೇವರು ದೊಡ್ಡವನು. ಹೆಂಗಪ್ಪಾ ಮಾಡ್ದೆ?" ಎಂದು ಮೈದುನನನ್ನು ಕೇಳಿದೆ.

"ಪಕ್ಕದ ಮನೆ ಮುದ್ದೆ, ಅಷ್ಟೇ" ಎಂದ. ಆಮೇಲೆ ನನ್ನ ಮುಖ ನೋಡಿದ. "ಬೆಳಿಗ್ಗೆಯಿಂದ ನೀವೇನೂ ತಿಂದಿಲ್ಲ ಅಲ್ವಾ?"

ತಾನೇ ಅಂಟಿಸಿದ ಚೀಟಿಯನ್ನು ದಾಟಿ ಒಳಗೆ ಬಂದ. ಮೂಲೆಯಲ್ಲಿದ್ದ ಮುದ್ದೆ ಕೋಲು ಎತ್ತಿಕೊಂಡು, ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ ನಿಂತ.

"ಹೇಳಿ ಅತ್ತಿಗೆ. ಒಳಗೆ ಹೆಂಗೆ ಮಾಡ್ತೀರಿ?"

ನಾನು ಒಲೆ ಹಚ್ಚಿ ಎಸರಿಟ್ಟೆ.